ಎರಡು ಶ್ರಾದ್ಧದ ನಡುವಿನ ಲಂಡನ್

ನಮ್ಮ ಮನಿಯವರಿಗೆ ಲಂಡನ್ ಊರಿನ ಎಲ್ಲಾ ಓಣಿ ಗೊತ್ತಿದ್ವು. ಪುಣೆಯ ಸದಾಶಿವ ಪೇಠದಾಗ ಹತ್ತು ಮನಿಯವರು ಕೂಡಿ ಇರೋ ನಮ್ಮ ವಾಡೆದ ಹಿಂದ ಹಾಲಿನವನ ಮನಿ ಯಾವುದು ಅಂತ ಕೇಳಿದ್ರ ಇವತ್ತಿಗೂ ಹೇಳಂಗಿಲ್ಲ. ಆದ್ರ ಲಂಡನ್ನಾಗ ಯಾವ ಸ್ಟೇಶನ್ನಿಗೆ ಇಳದು, ಯಾವ ಕಡೆ ತಿರುಗಿ, ಎಷ್ಟನೇ ನಂಬರಿನ ಬಸ್ ಹತ್ತಿದ್ರ ದೊಡ್ಡ ಗಡಿಯಾರದ ಮುಂದ ಇಳೀತೀವಿ ಅನ್ನೋದನ್ನ ಕಣ್ಣು ಮುಚ್ಚಿ ಹೇಳ್ತಿದ್ರು. ಲಷ್ಕರ ಅನ್ನೋ ದಂಡಿನ ಪ್ರದೇಶದಾಗಿನ ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಾಗ ಕೂತು ಇಪ್ಪತ್ತಾರು ವರ್ಷ ಲಂಡನ್ನಿಗೆ ಹೋಗೋ ಲಕೋಟಿಗೆ ಅರಗು ಹಚ್ಚಿದ ಮನುಷ್ಯಾ ಅವರು. ತಾವು ಅರಗು ಹಚ್ಚಿದ ಲಕೋಟಿ ಎಲ್ಲಾ ಆ ಊರು ನೋಡಿದ್ವು, ತಾವೊಬ್ಬರ ಇಲ್ಲೇ ಉಳದ್ರು ಅನ್ನೋದು ಅವರ ಹೊಟ್ಟ್ಯಾಗಿನ ಸಂಕಟ.

ನನಗ ಲಂಡನ್ ಏನೂ ಬೇಕಾಗಿರಲಿಲ್ಲ. ನನಗ ಬೇಕಾಗಿದ್ದಾಕಿ ಕುಸುಮ.

ಕುಸುಮ ನನ್ನ ತಂಗಿ, ನನಗಿಂತ ಹನ್ನೆರಡು ವರ್ಷ ಸಣ್ಣಾಕಿ. ಧಾರವಾಡದಾಗ ಪ್ಲೇಗ್ ಬಂದು ಅವ್ವ ಹೋದಾಗ ಆಕಿಗಿನ್ನೂ ಎರಡು ತುಂಬಿರಲಿಲ್ಲ. ನಾನು ಗಂಡನ ಮನಿಗೆ ಬರೋಮುಂದ ಆಕಿನ್ನ ಕಂಕುಳಾಗ ಎತ್ತಿಗೊಂಡ ಬಂದೆ. ಬ್ಯಾರೆ ಅತ್ತಿ ಆಗಿದ್ರ ಬಾಗಲಾಗ ನಿಲ್ಲಿಸಿ ಕೂಸಿನ್ನ ವಾಪಸ್ ಕಳಸ್ತಿದ್ಲು. ನಮ್ಮ ಅತ್ತಿಯವರ ಬಾಯಿ ಭಾಳ ಜೋರು, ಮಡಿ ಅಂತೂ ಕೇಳಬ್ಯಾಡ್ರಿ. ಆದ್ರ ಅವತ್ತು ಒಂದು ಮಾತು ಆಡದ ಕೂಸಿನ್ನ ನನ್ನ ಕೈಯಿಂದ ಇಸಕೊಂಡು, ಕಟ್ಟಿ ಮ್ಯಾಲ ಕೂತು, ಒಳಲೀಲೆ ಹಾಲು ಹಾಕಿದ್ರು. ಆ ಋಣ ನಾ ಮರೀಲಿಲ್ಲ. ಅವರು ಹೋಗೋಮುಂದ ನನ್ನ ಕೈ ಹಿಡಕೊಂಡು, ನನ್ನ ಶ್ರಾದ್ಧದ ಅಡಿಗಿ ನಿನ್ನ ಕೈಯಿಂದನ ಆಗಬೇಕು ನರ್ಮದಾ, ಬಾಡಿಗಿ ಅಡಿಗಿಯವರ ಕೈಯಾಗ ಕೊಡಬ್ಯಾಡ ಅಂದ್ರು. ಹೂಂ ಅಂದೆ. ಹನ್ನೊಂದು ವರ್ಷ ಆ ಮಾತು ನಡಸಿಗೊಂಡು ಬಂದೀನಿ.

ಕುಸುಮನ್ನ ಹುಬ್ಬಳ್ಳಿಯ ಏಕನಾಥ ಅನ್ನೋ ಡಾಕ್ಟರಿಗೆ ಕೊಟ್ವಿ. ಹೆಚ್ಚಿನ ಪರೀಕ್ಷಾ ಮಾಡ್ತೀನಿ, ಎರಡು ವರ್ಷದಾಗ ಬರ್ತೀನಿ ಅಂತ ಆಕಿನ್ನೂ ಕರಕೊಂಡು ಲಂಡನ್ನಿಗೆ ಹೋದ ಮನುಷ್ಯಾ ಅಲ್ಲೇ ದವಾಖಾನಿ ಹಾಕಿ ಕೂತ. ಹನ್ನೆರಡು ವರ್ಷ ಆಗಿತ್ತು ನಾನು ಆಕಿ ಮಾರಿ ನೋಡಿ. ನಡುವ ಎರಡು ಸಲ ಬಸುರಾಗಿದ್ಲು, ಎರಡೂ ಸಲ ನಿಲ್ಲಲಿಲ್ಲ. ಎರಡೂ ಸಲ ಸುದ್ದಿ ಬರೋದ್ರಾಗ ಎಲ್ಲಾ ಮುಗದು ಹೋಗಿತ್ತು, ನಾ ಇಲ್ಲೆ ಒಲಿ ಮುಂದ ಕೂತು ಅತ್ತದ್ದಷ್ಟ.

ಮೂವತ್ಮೂರನೇ ಇಸ್ವಿ ದೀಪಾವಳಿ ಆಗಿ ಹದಿನೈದು ದಿನಕ್ಕ ಆಕಿ ಪತ್ರ ಬಂತು. ಈ ಸಲ ಮೂರು ತಿಂಗಳು ದಾಟ್ಯಾವ ಅಕ್ಕಾ, ಏಪ್ರಿಲ್ ನಡುವ ಅಂತ ಹೇಳ್ಯಾರ, ಬಾಣಂತನಕ್ಕ ನೀ ಬರ್ತೀಯೇನು ಅಂತ ಬರದಿದ್ಲು. ನಾ ಪತ್ರ ಮಡಿಚಿ ಇಡೋದ್ರಾಗ ಇವರು ಗ್ವಾಡಿ ಮ್ಯಾಲಿನ ಲಂಡನ್ ನಕಾಶಿ ಇಳಿಸಿ, ಧೂಳ ಜಾಡಿಸಿ, ಜಮಖಾನಿ ಮ್ಯಾಲ ಹಾಸಿದ್ರು. ಹತ್ತು ವರ್ಷ ಕೂಡಿಸಿ ಇಟ್ಟಿದ್ದ ರಜೆ ಅದ, ಕೇಳಿ ಬಿಡ್ತೀನಿ ಅಂದ್ರು. ಸಾಹೇಬ ರಜೆ ಕೊಟ್ಟನೂ ಕೊಟ್ಟ. ಮಾರ್ಚ್ ಒಂದರಿಂದ ಮೇ ಹದಿನೈದರತನಕ, ಅದರ ಮ್ಯಾಲ ಒಂದು ದಿನ ಕೊಡಂಗಿಲ್ಲ, ಇನ್ನ ಪಿಂಚಣಿ ಆಗೋತನಕ ಇಂಥಾ ರಜೆ ಕೇಳಬ್ಯಾಡ ಅಂತ ಕಡ್ಡಿ ಮುರದಂಗ ಹೇಳಿದ್ನಂತ. ನನಗೇನು, ನಾ ಕುಣದು ಬಿಟ್ಟೆ. ಎರಡೂವರಿ ತಿಂಗಳ ರಜೆ ಅಂದ್ರ ಹೋಗಿ, ಬಾಣಂತನ ಮಾಡಿ, ತೊಟ್ಟಿಲಿಗೆ ಹಾಕಿ, ಹಾಡು ಹೇಳಿ ಬರಬಹುದು ಅಂತ ಲೆಕ್ಕಾ ಹಾಕಿದೆ.

ಅಲ್ಲೇ ಬಂತು ನೋಡ್ರಿ ಶನಿ. ಮಾವನವರ ಶ್ರಾದ್ಧ ಫಾಲ್ಗುಣದಾಗ, ಅತ್ತಿಯವರದ್ದು ವೈಶಾಖ ಶುದ್ಧ ಪಂಚಮಿಗೆ. ಇವರು ಒಬ್ಬರ ಮಗ. ಅಪ್ಪನ ಶ್ರಾದ್ಧ ಮಾಡಿ ಹೋಗಬೇಕು, ಅವ್ವನ ಶ್ರಾದ್ಧಕ್ಕ ಬಂದಿರಬೇಕು. ಸಮುದ್ರ ದಾಟಿ ಬಂದವರು ಮೂರು ದಿನ ಪ್ರಾಯಶ್ಚಿತ್ತಾ ಮಾಡಿಕೊಂಡ ಮ್ಯಾಲನ ಪಿಂಡ ಮುಟ್ಟಬೇಕು ಅಂತ ನಮ್ಮ ಪುರೋಹಿತರು ಪ್ರಲ್ಹಾದಾಚಾರ್ಯರು ಮೊದಲ ಹೇಳಿದ್ರು. ಹಂಗಾದ್ರ ಆ ತಿಥಿ ಇಂಗ್ಲಿಷ್ ತಾರೀಖಿಗೆ ಯಾವಾಗ ಬರ್ತಾವ ಅಂತ ತಗೀಬೇಕು.

ಮುಂದಿನ ವರ್ಷದ ಪಂಚಾಂಗ ಇನ್ನೂ ಬಂದಿರಲಿಲ್ಲ. ಪೇಠದ ಅಂಗಡ್ಯಾಗ ಮಾಘದಾಗನ ಬರ್ತಾವ ಖರೆ, ಆದ್ರ ನಮ್ಮ ಮನ್ಯಾಗ ಮಠದ ಪಂಚಾಂಗ ಬಿಟ್ಟು ಬ್ಯಾರೇದು ಮುಟ್ಟೋ ಪದ್ಧತಿ ಇಲ್ಲ, ಅದನ್ನ ಆಚಾರ್ಯರು ಮಾವನವರ ಶ್ರಾದ್ಧಕ್ಕ ಬರೋಮುಂದ ತಂದು ಕೊಡ್ತಾರ. ಇವರಿಗೆ ಅಲ್ಲೀತನಕ ತಡಕೊಳ್ಳೋ ಸೈರಣಿ ಎಲ್ಲಿಂದ ಬರಬೇಕು? ಕೈಯಾಗಿದ್ದ ಆ ವರ್ಷದ ಪಂಚಾಂಗ ತಗದ್ರು, ಮಾವನವರದ್ದು ಅದರಾಗನ ಇತ್ತು, ಮಾರ್ಚ್ ಆರಕ್ಕ. ಅತ್ತಿಯವರದ್ದಕ್ಕ, ತಿಥಿ ವರ್ಷಾ ಹನ್ನೊಂದು ದಿನ ಹಿಂದ ಸರೀತಾವ, ಹನ್ನೊಂದು ಕಳದ್ರ ಆತು ಅಂತ ಕಳದ್ರು. ಏಪ್ರಿಲ್ ಹದಿನೆಂಟಕ್ಕ ಬಂತು. ನಾನೂ ಬಾಜೂಕ ಕೂತು ಬಟ್ಟು ಎಣಿಸಿದೆ, ಬರೋಬ್ಬರಿ ಅದ ಅಂತ ಗೋಣು ಹಾಕಿದೆ.

ಆಮ್ಯಾಲ ಹಡಗಿನ ಪುಸ್ತಕ ತಗದ್ರು. ಮುಂಬಯಿಂದ ಹಡಗು ಶನಿವಾರಕ್ಕೊಮ್ಮೆ. ಮಾರ್ಚ್ ಹತ್ತಕ್ಕ ಹತ್ತಿದ್ರ ಹದಿಮೂರು ದಿನಕ್ಕ ಫ್ರಾನ್ಸಿನ ಬಂದರು, ಅಲ್ಲಿಂದ ರೇಲ್ವೆ, ಇಪ್ಪತ್ನಾಲ್ಕರ ಸಂಜಿಗೆ ಲಂಡನ್. ತಿರುಗಿ ಬರ್ಲಿಕ್ಕೆ ಗುರುವಾರ ಮುಂಜಾನೆ ಬಿಡಬೇಕು. ಒಂದು ವಾರ ತಡಾ ಮಾಡಿದ್ರ ಮುಂದಿನ ಹಡಗು ಮುಂಬಯಿ ಮುಟ್ಟೋದು ಏಪ್ರಿಲ್ ಹತ್ತೊಂಬತ್ತಕ್ಕ, ಅಂದ್ರ ಶ್ರಾದ್ಧದ ಮರುದಿನ. ಇವರು ಮೂರು ಸಲ ಕೂಡಿಸಿದ್ರು, ಮೂರು ಸಲ ಕಳದ್ರು. ಲಂಡನ್ನಾಗ ಸಿಗೋದು ಐತವಾರ, ಸೋಮವಾರ, ಮಂಗಳವಾರ, ಬುಧವಾರ.

ನಾಲ್ಕು ದಿನ. ಒಂದು ತಿಂಗಳು ನೀರಿನ ಮ್ಯಾಲ, ನಾಲ್ಕು ದಿನ ನೆಲದ ಮ್ಯಾಲ. ಅದೂ ಕೂಸು ಹುಟ್ಟೋಕಿಂತ ಎರಡು ಮೂರು ವಾರ ಮೊದಲು. ಶ್ರಾದ್ಧ ಮುಗಿಸಿ ಆಮ್ಯಾಲ ಹೋಗೋಣಂದ್ರ ಮೇ ಹದಿನೈದರ ಒಳಗ ಹೋಗಿ ಬರ್ಲಿಕ್ಕೆ ಹಡಗಿಲ್ಲ. ನನ್ನ ತಲಿ ಅವತ್ತ ಕೆಡ್ತು. ಆದ್ರ ಇವರ ಮಾರಿ ನೋಡ್ರಿ, ಸಕ್ರಿ ಬಿದ್ದ ಹಾಲಿನಂಗ. ನಾಲ್ಕು ದಿನದಾಗ ನಲವತ್ತು ತಾಸು ತಿರುಗಾಡಬಹುದು, ಒಂದೊಂದು ತಾಸೂ ಬರದಿಡ್ತೀನಿ ಅಂತ ಕಾಗದ ತಗೊಂಡ್ರು. ನಾಲ್ಕು ದಿನಕ್ಕ ಬರ್ತೀವಿ ಅಂತ ಕುಸುಮಗೂ ಬರದು ಹಾಕಿದ್ರು.

ಆ ಎರಡು ತಿಂಗಳು ನನ್ನ ಮನಿ ಮನಿಯಾಗಿ ಉಳೀಲಿಲ್ಲ. ಕಚೇರಿಯಿಂದ ಬಂದು ಕಾಲು ತೊಳಕೊಳ್ಳೋದ್ರಾಗ ಪಟ್ಟಿ ತಗೀತಿದ್ರು. ರಾಜರ ಅರಮನಿ ಹೊರಗಿಂದ ನೋಡ್ಲಿಕ್ಕೆ ಅರ್ಧ ತಾಸು ಸಾಕೋ, ಮುಕ್ಕಾಲು ಬೇಕೋ ಅಂತ ನನ್ನ ಕೇಳ್ತಿದ್ರು. ನಾ ಏನ್ ಹೇಳ್ಲಿ, ನನ್ನ ತವರು ಮನೀನೇನು ಅದು? ಹಳೇ ಕಾಲದ ಸಾಮಾನೆಲ್ಲಾ ಇಟ್ಟ ಅಜಬಖಾನ್ಯಾಗ ಏನೇನು ನೋಡದ ಬಿಡಬೇಕು ಅಂತ ಒಂದು ವಾರ ಊಟ ಸೇರಲಿಲ್ಲ ಅವರಿಗೆ. ಒಮ್ಮೆ ಗಡಿಯಾರ ಐತವಾರಕ್ಕ ಬಂತು, ಅಳಿಸಿ ಬುಧವಾರಕ್ಕ ಹೋತು, ಮತ್ತ ಐತವಾರಕ್ಕ ಬಂತು. ಪಟ್ಟಿ ಹರದು ಹರದು ಹೊಸಾದು ಬರೀತಿದ್ರು.

ಹಡಗಿನ್ಯಾಗ ನಾ ಏನು ತಿನ್ನಬೇಕು ಅನ್ನೋದರ ಬಗ್ಗೆ ಯಾರಿಗೂ ಚಿಂತಿ ಇರಲಿಲ್ಲ. ನಾನ ಅವಲಕ್ಕಿ ಹುರಿದೆ, ಚಟ್ನಿಪುಡಿ ಕುಟ್ಟಿದೆ, ಬೇಸನ್ ಉಂಡಿ ಕಟ್ಟಿದೆ, ತಿಂಗಳ ಮಟ ಇರ್ತಾವೋ ಇಲ್ಲೋ ಅಂತ ಡಬ್ಬಿ ಮುಚ್ಚಿಟ್ಟು ವಾರಕ್ಕೊಮ್ಮೆ ತಗದು ಮೂಸಿ ನೋಡಿದೆ. ಅಲ್ಲೆ ಥಂಡಿ ಭಾಳ ಅಂತ ಇವರು ಲಷ್ಕರದಿಂದ ನನಗ ಬೂಟು ತಂದ್ರು. ಹುಟ್ಟಿದಾಗಿಂದ ಬೂಟು ಕಂಡವಳಲ್ಲ ನಾನು. ರೂಢಿ ಆಗ್ಲಿ ಅಂತ ದಿನಾ ಸಂಜಿಮುಂದ ವಾಡೆದ ಅಂಗಳದಾಗ ನಾಲ್ಕು ಸುತ್ತು ತಿರುಗಸ್ತಿದ್ರು. ನಳದ ಹತ್ರ ನಿಂತ ಮರಾಠಿ ಹೆಂಗಸರು ಕೊಡ ಕೆಳಗಿಟ್ಟು, ಲಂಡನ್ ಆಲಂ ಕಾ ನರ್ಮದಾಬಾಯಿ, ಲಂಡನ್ ಬಂತೇನು ಅಂತ ನಗ್ತಿದ್ರು. ಕುಸುಮನ ಸಲುವಾಗಿ ಅದನ್ನೂ ನುಂಗಿದೆ.

ಸಂಕ್ರಾಂತಿ ದಿನ ಕಟ್ಟಿ ಒಡೀತು. ಕುಸರೆಳ್ಳು ಕೊಡ್ಲಿಕ್ಕೆ ಇವರ ಕಚೇರಿಯವರು ಇಬ್ಬರು ಬಂದಿದ್ರು. ಇವರಿಗೆ ಇಷ್ಟ ಸಾಕಾತು, ಪಟ್ಟಿ ತಗದು ಹರದಾಸರಂಗ ಓದ್ಲಿಕ್ಕೆ ಹತ್ತಿದ್ರು. ಐತವಾರ ಮುಂಜಾನೆ ರಾಜರ ಹಳೇ ಕಲ್ಲಿನ ಕೋಟಿ, ಮಧ್ಯಾಹ್ನ ನದಿ. ಸೋಮವಾರ ಪೂರಾ ಅಜಬಖಾನಿ. ನಾ ಒಳಗ ಚಹಾ ಸೋಸಿಗೋತ ಕಿವಿ ಕೊಟ್ಟು ಕೇಳ್ತಿದ್ದೆ, ನನ್ನ ತಂಗಿ ಹೆಸರು ಯಾವಾಗ ಬರ್ತದ ಅಂತ. ಬಂತು.

“ಮಂಗಳವಾರ, ಸಂಜಿ ನಾಲ್ಕರಿಂದ ಆರು, ಕುಸುಮ.”

ಕೈಯಾಗಿನ ಚಹಾ ಸೆರಗಿನ ಮ್ಯಾಲ ಚೆಲ್ಲಿತು, ಬಿಸಿ ಹತ್ತಿದ್ದು ಗೊತ್ತಾಗಲಿಲ್ಲ. ಮೈ ಉರದು ಹೋತು. ಬಂದವರು ಓಣಿ ದಾಟೋತನಕ ಹಲ್ಲು ಕಚ್ಚಿ ಕೂತೆ, ಆಮ್ಯಾಲ ಬಿಟ್ಟೆ ನೋಡ್ರಿ. ಕೋಟಿಗೆ ಅರ್ಧ ದಿನ, ನನ್ನ ತಂಗಿಗೆ ಎರಡು ತಾಸೇನು ಅಂದೆ. ನೀವು ತಿರುಗಿ ಬರ್ರಿ, ನಾ ಅಲ್ಲೇ ಉಳೀತೀನಿ, ಆಕಿ ಹಡೀಲಿ, ಆಮ್ಯಾಲ ಯಾರರ ಜೋಡಿ ಬರ್ತೀನಿ ಅಂದೆ. ಅವರು ಸಾವಕಾಶ, ಅವ್ವನ ಅಡಿಗಿ ಅಂದ್ರು. ಅಷ್ಟ ಅಂದದ್ದು. ಅತ್ತಿಯವರಿಗೆ ಹೂಂ ಅಂದಾಕಿ ನಾನ, ಅದಕ್ಕ ಇನ್ನೂ ಸಿಟ್ಟು ಬಂತು.

“ಹಂಗಾದ್ರ ನಾ ಬರಂಗಿಲ್ಲ,” ಅಂದೆ. “ಹೊಟ್ಟಿ ಹೊತ್ತು ನಿಂತಾಕಿಗೆ ಮಾರಿ ತೋರಿಸಿ, ಬೆನ್ನು ತಿರುಗಿಸಿ ಬರ್ಲೇನು? ನಿಮ್ಮ ನಾಲ್ಕು ದಿನ ಯಾರಿಗೆ ಬೇಕಾಗ್ಯಾವ?”

ಇವರು ಪಟ್ಟಿ ನೋಡಿದ್ರು, ನನ್ನ ನೋಡಿದ್ರು. ಸೀಸದ ಕಡ್ಡಿ ತಗದು ಕೋಟಿ ಹೊಡದು ಹಾಕಿದ್ರು, ಅಜಬಖಾನಿ ಹೊಡದು ಹಾಕಿದ್ರು. ನಾಲ್ಕೂ ದಿನ ಕುಸುಮನ ಮನ್ಯಾಗ ಇರೋಣು, ನನಗ ಗಡಿಯಾರ ಒಂದು ತೋರಿಸಿದ್ರ ಸಾಕು, ಅದೂ ಬಸ್ಸಿನ್ಯಾಗ ಕೂತ ನೋಡ್ತೀನಿ ಅಂದ್ರು. ಇಪ್ಪತ್ತಾರು ವರ್ಷದ ಆಶಾ ಆ ಮನುಷ್ಯಾ ನನ್ನ ಮುಂದ ಗೀಟು ಹೊಡದು ಹಾಕಿದ. ನಾ ಆದ್ರೂ ಒಲ್ಲೆ ಅಂದೆ. ಮಾಡಿದ್ರ ಬಾಣಂತನ ಮಾಡಬೇಕು, ಇಲ್ಲಂದ್ರ ಇಲ್ಲ. ನನ್ನ ಹಟ ಅಂದ್ರ ಹಟ.

ಅವತ್ತ ಸಂಜಿ ಕುಸುಮಗ ನಾನ ಪತ್ರ ಬರದೆ. ನಾಲ್ಕು ದಿನಕ್ಕ ಬಂದು ಏನು ಉಪಯೋಗ, ಬರಂಗಿಲ್ಲ, ದೇವರು ಇದ್ದಾನ ಅಂತ ಬರದೆ. ಮರುದಿನ ಮುಂಜಾನೆ ಕಾತ್ರಜ ಕೆರಿ ನೀರು ಬಂದು ತುಂಬೋ ಕಲ್ಲಿನ ಹೌದಿನ ಹತ್ರ ಟಪಾಲು ಡಬ್ಬಿ ಅದ, ಅಲ್ಲೀತನಕ ನಡದು ಹೋಗಿ ನನ್ನ ಕೈಯಿಂದನ ಹಾಕಿ ಬಂದೆ. ನೀವರ ಹೋಗ್ರಿ ಅಂತ ಇವರಿಗೆ ಹೇಳಿದೆ. ನೀ ಬರ್ಲಾರದ ನಾ ಒಬ್ಬನ ಹೋಗಿ ಯಾರಿಗೆ ತೋರಿಸ್ಲಿ ಅಂದ್ರು. ಮುಂಬಯಿಗೆ ಬರದು ಹಡಗಿನ ಖೋಲಿ ಬಿಟ್ಟು ಕೊಟ್ರು, ರಜೆ ಅರ್ಜಿ ವಾಪಸ್ ತಗೊಂಡ್ರು. ಕುಸುಮನ ಉತ್ತರ ಬಂತು, ಎರಡ ಸಾಲು. ಆಗ್ಲಿ ಅಕ್ಕಾ, ನೀ ಚಿಂತಿ ಮಾಡಬ್ಯಾಡ ಅಂತ. ಅವಲಕ್ಕಿ ಡಬ್ಬಿ ತಗದು ವಾಡೆದ ಮಂದಿಗೆಲ್ಲಾ ಹಂಚಿದೆ.

ಮಾರ್ಚ್ ಆರಕ್ಕ ಮಾವನವರ ಶ್ರಾದ್ಧ ಬಂತು, ಇವರು ನೋಡಿಟ್ಟಂಗನ. ಪ್ರಲ್ಹಾದಾಚಾರ್ಯರು ಬಂದ್ರು, ಎಲ್ಲಾ ಸುಸೂತ್ರ ಆತು. ಊಟ ಆಗಿ ಎಲಿ ಅಡಿಕಿ ಹಾಕಿಕೋತ ಆಚಾರ್ಯರು, ನಾ ಇನ್ನ ಬೆಳಗಾಂವಿಗೆ ಹೋಗಿ ಮೇ ತಿಂಗಳ ಮೊದಲನೇ ವಾರಕ್ಕ ಬರ್ತೀ‌ನಿ, ತಾಯಿಯವರ ಶ್ರಾದ್ಧ ಹದಿನೆಂಟಕ್ಕ ಅದ, ತಯಾರಿ ಇಡ್ರಿ ಅಂದ್ರು. ಇವರು ನಕ್ಕು, ಹದಿನೆಂಟು ಖರೆ ಆಚಾರ್ಯರ, ಆದ್ರ ಏಪ್ರಿಲ್ ಹದಿನೆಂಟು ಅಂದ್ರು.

ಆಚಾರ್ಯರು ಚೀಲದಾಗಿಂದ ಹೊಸಾ ಪಂಚಾಂಗ ತಗದು ಇವರ ಮುಂದ ಇಟ್ರು. “ಈ ವರ್ಷ ಅಧಿಕ ವೈಶಾಖ ಅಲ್ಲೇನ್ರಿ ಮಾರ್ತಾಂಡರಾಯರ. ಅಧಿಕದಾಗ ಶ್ರಾದ್ಧ ಮಾಡಂಗಿಲ್ಲ, ನಿಜ ವೈಶಾಖಕ್ಕ ಹೋಗ್ತದ. ಮೇ ಹದಿನೆಂಟು.”

ಒಂದು ತಿಂಗಳು. ಮೂರು ವರ್ಷಕ್ಕೊಮ್ಮೆ ಬರೋ ಹೆಚ್ಚಿನ ತಿಂಗಳು ಚೈತ್ರ ಮತ್ತ ವೈಶಾಖದ ನಡುವ ಬಂದು ಕೂತಿತ್ತು. ಇವರು ಹನ್ನೊಂದು ಕಳದಿದ್ರು, ಮೂವತ್ತು ಕೂಡಸೋದು ಮರತಿದ್ರು. ಮಾರ್ಚ್ ಹತ್ತಕ್ಕ ಹೊಂಟು, ಏಪ್ರಿಲ್ ಇಪ್ಪತ್ತಾರರತನಕ ಲಂಡನ್ನಾಗ ಇದ್ದು, ಮೇ ಹನ್ನೊಂದಕ್ಕ ಪುಣೆಗೆ ಬಂದು, ರಜೆ ಮುಗಿಯೋದ್ರಾಗ ಪ್ರಾಯಶ್ಚಿತ್ತಾನೂ ಮಾಡಿಕೊಂಡು, ಅತ್ತಿಯವರ ಅಡಿಗಿಗೆ ನಾ ಒಲಿ ಮುಂದ ಇರ್ತಿದ್ದೆ. ಹೆರಿಗಿ, ಹನ್ನೆರಡನೇ ದಿನದ ತೊಟ್ಟಿಲು, ಎಲ್ಲಾ ಅದರಾಗ ಬರ್ತಿತ್ತು.

ಇವರನ್ನ ಬಯ್ಯಲಿಕ್ಕೆ ಬಾಯಿ ತಗದೆ, ಬಯ್ಯದ ಎಲಿ ಅಡಿಕಿ ತಬಕು ಎತ್ತಿಗೊಂಡು ಒಳಗ ಹೋದೆ. ಯಾಕಂದ್ರ ನನಗ ಗೊತ್ತಿತ್ತು. ನನ್ನ ಮಗಳು ಪಂಕಜಾಕ್ಷಿ ಲಗ್ನ ಹಿಂದಿನ ಬ್ಯಾಸಿಗ್ಯಾಗ ಆಗಿತ್ತು. ಆಕಿ ಅತ್ತಿ ಅಂಬಾಬಾಯಿ ದೀಪಾವಳಿಗೆ ಬಂದಾಗ, ಬರೋ ವರ್ಷ ಅಧಿಕ ಮಾಸ ಬರ್ತದ್ರೀ ಬೀಗ್ತಿ, ಅಳಿಯಗ ದಾನಾ ಕೊಡೋ ಮೂವತ್ಮೂರು ಅನಾರಸದ ಸಿಹಿ ಮರೀಬ್ಯಾಡ್ರಿ, ಬೆಳ್ಳಿ ದೀಪಾ ಮರೀಬ್ಯಾಡ್ರಿ ಅಂತ ನಕ್ಕೋತ ಹೇಳಿ ಹೋಗಿದ್ಲು. ಎಂಥಾ ಆಸೆಬುರುಕಿ ಅಂತ ಆಕಿನ್ನ ಬೈಕೋತ ಒಂದು ವಾರ ಕಳದಿದ್ದೆ. ಅಧಿಕ ಬರೋದೂ ತಲ್ಯಾಗ ಇತ್ತು, ಹಡಗಿನ ಲೆಕ್ಕಾನೂ ತಲ್ಯಾಗ ಇತ್ತು, ಎರಡನ್ನೂ ಕೂಡಿಸಿ ನೋಡೋ ಬುದ್ಧಿ ನನಗ ಬರಲಿಲ್ಲ.

ಇವರು ಅದ ಉಟ್ಟ ಧೋತರದ ಮ್ಯಾಲ ಕೋಟು ಹಾಕ್ಕೊಂಡು ಸಂಜಿ ಗಾಡಿಗೆ ಮುಂಬಯಿಗೆ ಹೋದ್ರು. ರಜೆ ಇಲ್ಲ, ಚೀಟಿ ಇಲ್ಲ. ಇಪ್ಪತ್ತಾರು ವರ್ಷದಾಗ ಒಂದು ದಿನ ಹೇಳ್ಲಾರದ ಕಚೇರಿ ತಪ್ಪಿಸಿದವರಲ್ಲ, ನಾಲ್ಕು ದಿನ ತಪ್ಪಿಸಿದ್ರು. ಶನಿವಾರ ಹಡಗು ಬಿಟ್ಟ ಮ್ಯಾಲ ಬಂದ್ರು. ಬ್ಯಾಸಿಗಿ ಶುರು ಆತು, ಸಾಹೇಬರೆಲ್ಲಾ ಊರಿಗೆ ಹೋಗೋ ಕಾಲ, ಮೇ ತನಕ ಒಂದು ಮೂಲಿ ಖಾಲಿ ಇಲ್ಲಂತ. ಯಾರರ ಕಡೀ ಗಳಿಗ್ಯಾಗ ಬರ್ಲಾರದ ಉಳದಾರು ಅಂತ ಬಂದರದಾಗ ನಿಂತಿದ್ರಂತ, ಏಣಿ ಎತ್ತೋತನಕ. ನಾವು ಬಿಟ್ಟ ಖೋಲಿಗೆ ಯಾರೋ ಮುದುಕಿ ಬಿಳೇ ಮಡ್ಡಮ್ಮ ಹೋಗಿದ್ಲಂತ. ಹೇಳಿ ಮುಗಿಸಿ ಗ್ವಾಡಿ ಮ್ಯಾಲಿನ ನಕಾಶಿ ಇಳಿಸಿದ್ರು, ಸುರುಳಿ ಸುತ್ತಿ ಅಟ್ಟದ ಮ್ಯಾಲ ಇಟ್ರು. ನಾ ನೀರು ಕೊಟ್ಟೆ.

ಏಪ್ರಿಲ್ ಹದಿನಾಲ್ಕಕ್ಕ ಅಧಿಕ ಮಾಸ ಹತ್ತಿತು. ಅವತ್ತ ತಂತಿ ಬಂತು. ಹೆಣ್ಣು ಕೂಸು, ಕುಸುಮ ಭಾಳ ಅಶಕ್ತ, ಪತ್ರ ಬರ್ತದ ಅಂತ ಏಕನಾಥರು ಕಳಿಸಿದ್ರು. ಅಶಕ್ತ ಅಂದ್ರ ಎಷ್ಟು ಅಶಕ್ತ, ಎದ್ದು ಕೂಡ್ತಾಳೋ ಇಲ್ಲೋ, ಎದಿ ಹಾಲು ಬಂತೋ ಇಲ್ಲೋ, ತಂತ್ಯಾಗ ಅದೇನು ಬರೀತಾರ? ಅಳಿಯ ಬರೋ ದಿನ ಗೊತ್ತಾಗಿತ್ತು, ಅಕ್ಕಿ ನೆನಿ ಹಾಕಿದ್ದೆ, ಬಿಡಂಗಿರಲಿಲ್ಲ. ಕುಟ್ಟಿ, ಬೆಲ್ಲ ಹಾಕಿ, ಗಸಗಸಿ ಹಚ್ಚಿ, ತುಪ್ಪದಾಗ ಅನಾರಸ ಬಿಡ್ಲಿಕ್ಕೆ ಕೂತೆ. ಎಣಿಸಿ ಇಡಬೇಕಲ್ಲ ಮೂವತ್ಮೂರು. ಎಣಿಸಿಗೋತ ಹೋದಾಗ ತಿಳೀತು, ಮಾರ್ಚ್ ಇಪ್ಪತ್ನಾಲ್ಕರ ಸಂಜಿಯಿಂದ ಎಣಿಸಿದ್ರ ಲಂಡನ್ನಾಗ ನನಗ ಸಿಗ್ತಿದ್ದದ್ದೂ ಮೂವತ್ಮೂರ ದಿನ. ಅಲ್ಲೇ ತೂತಿನ ಝಾರಾ ಒಗದು ಅತ್ತೆ. ಎರಡು ಅನಾರಸ ಕರಕಾದ್ವು, ಮತ್ತ ಬಿಟ್ಟು ಎಣಿಕಿ ಪೂರಾ ಮಾಡಿದೆ.

ವಿಲಾಯತಿ ಟಪಾಲು ಶುಕ್ರವಾರಕ್ಕೊಮ್ಮೆ ಬರ್ತದ. ತಂತಿ ಬಂದ ಮ್ಯಾಲ ಶುಕ್ರವಾರದ ಮ್ಯಾಲ ಶುಕ್ರವಾರ ಹೋದ್ವು, ಪತ್ರ ಇಲ್ಲ. ಇವರು ಕಚೇರ್ಯಾಗ ಚೀಲಾ ಬಿಚ್ಚೋಮುಂದ, ಅದರಾಗ ಸೇರಿ ಬಂದಿರಬಹುದೇನೋ ಅಂತ ತಾವ ಹುಡುಕ್ತಿದ್ರಂತ. ಸಂಜಿ ಬಂದು ಕೋಟು ಗೂಟಕ್ಕ ಹಾಕಿ ಹಿತ್ತಲಕ್ಕ ಹೋಗಿಬಿಡ್ತಿದ್ರು. ನನಗ ಮೊದಲಿನ ಎರಡು ಸಲದ್ದು ನೆನಪಾಗ್ತಿತ್ತು.

ಮೇ ಹದಿನೆಂಟು ಶುಕ್ರವಾರನ ಬಂತು. ಅತ್ತಿಯವರ ಶ್ರಾದ್ಧ. ನಸಿಕಿನ್ಯಾಗ ಎದ್ದು ಮೈಮ್ಯಾಲ ನೀರು ಹಾಕ್ಕೊಂಡು, ಮಡಿ ಸೀರಿ ಉಟ್ಟು ಒಲಿ ಮುಂದ ಕೂತೆ. ಖೀರು ಆಗಿತ್ತು, ವಡಿ ಹಿಟ್ಟು ರುಬ್ಬಿ ಇಟ್ಟಿದ್ದೆ, ಪಲ್ಯಾ ಒಲಿ ಮ್ಯಾಲ ಇತ್ತು. ಹೊರಗ ಆಚಾರ್ಯರು ಸಂಕಲ್ಪ ಹೇಳಸ್ಲಿಕ್ಕೆ ಹತ್ತಿದ್ರು. ಅಷ್ಟರಾಗ ಬಾಜೂ ಖೋಲಿ ಪಾರ್ವತೀಬಾಯಿ ಟಪಾಲಿನವ ಕೊಟ್ಟ ಲಕೋಟಿ ಹಿಡಕೊಂಡು ಬಂದು, ತುಮಚಂ ಪತ್ರ ಅಂದು, ನಮ್ಮ ಮಡಿ ನೋಡಿ ಒಳಗ ಬರದ ಕಿಡಕಿ ಕಟ್ಟಿ ಮ್ಯಾಲ ಇಟ್ಟು ಹೋದ್ಲು.

ಹತ್ತು ಹೆಜ್ಜಿ ದೂರ ಇತ್ತು ಲಕೋಟಿ. ಮ್ಯಾಲಿನ ಅಕ್ಷರ ಇಲ್ಲಿಂದ ಕಾಣಸ್ತಿದ್ವು. ಕುಸುಮನ ಅಕ್ಷರ ಅಲ್ಲ, ಏಕನಾಥರದ್ದು. ಹನ್ನೆರಡು ವರ್ಷದಾಗ ನನ್ನ ಹೆಸರಿಗೆ ಅವರು ಪತ್ರ ಬರದವರಲ್ಲ. ಊರೆಲ್ಲಾ ತಿರುಗಿ, ಕಂಡವರ ಕೈಯಾಗ ಹಾಯ್ದು ಬಂದ ಕಾಗದ ಅದು, ಮುಟ್ಟಿದ್ರ ಮಡಿ ಹೋತು, ಮಾಡಿದ ಅಡಿಗಿ ಎಲ್ಲಾ ಹೋತು. ಪಿಂಡ ಇಟ್ಟು, ಬ್ರಾಹ್ಮಣರು ಊಟ ಮಾಡಿ, ಎಲಿ ಎತ್ತೋತನಕ ಮುಟ್ಟಂಗಿಲ್ಲ. ಅಂದ್ರ ಮೂರು ತಾಸು. ಇವರೂ ಕೂತಲ್ಲಿಂದ ಲಕೋಟಿ ನೋಡಿದ್ರು. ಆಚಾರ್ಯರು ಹೇಳಿದ ಮಂತ್ರಾ ಎರಡು ಸಲ ತಪ್ಪಿದ್ರು.

ನಾ ಪಲ್ಯಾ ಕೈಯಾಡಿಸಿದೆ. ಮತ್ತ ನೋಡಿದೆ. ಮತ್ತ ಕೈಯಾಡಿಸಿದೆ. ಆಮ್ಯಾಲ ಎದ್ದು ಹೋಗಿ ಲಕೋಟಿ ಎತ್ತಿಗೊಂಡೆ.

ಆಚಾರ್ಯರು ಮಂತ್ರಾ ನಿಲ್ಲಿಸಿ, ವೈನಿ, ಮಡಿ ಅಂದ್ರು. ಹೆಂಗಸರ ಬುದ್ಧಿ ಅಂತ ಏನೋ ಅನ್ನೋರಿದ್ರು. ಇವರು ಕೈ ಅಡ್ಡ ಹಿಡದ್ರು.

“ಓದ್ಲಿ ಬಿಡ್ರಿ ಆಚಾರ್ಯರ. ಆ ಹುಡುಗಿ ಬಾಯಿಗೆ ಹಾಲು ಹಾಕಿದಾಕಿ ನಮ್ಮವ್ವನ.”

ಒಡದು ನೋಡಿದೆ. ಒಳಗ ಕುಸುಮನ ಅಕ್ಷರ, ಸೀಸದ ಕಡ್ಡೀಲೆ ಬರದದ್ದು, ಸಾಲು ಸೊಟ್ಟ ಸೊಟ್ಟ. ಅಲ್ಲೇ ಕಿಡಕಿ ಕೆಳಗ ಕೂತೆ. ಕೈಗೆ ಬಲ ಬಂದಿರಲಿಲ್ಲ ಅಕ್ಕಾ, ಅದಕ್ಕ ಬರೀಲಿಲ್ಲ, ಮ್ಯಾಲ ಹೆಸರು ಅವರ ಕಡಿಂದ ಬರಸೀನಿ ಅಂತ ಬರದಿದ್ಲು. ಈಗ ಎದ್ದು ಕೂಡ್ತೀನಿ, ಕೂಸು ಛಲೋ ಅದ, ಮೂಗು ನಿನ್ನದ ಅಂತ. ನನ್ನ ಜೀವಕ್ಕ ಜೀವ ಬಂತು. ಗೋಣು ಎತ್ತಿ ಇವರಿಗೆ, ಇಬ್ಬರೂ ಆರಾಮ ಇದ್ದಾರ ಅಂದೆ. ಇವರು ಕಣ್ಣು ಮುಚ್ಚಿಕೊಂಡ್ರು. ಅಲ್ಲಿಗೆ ಓದೋದು ಬಿಟ್ಟಿದ್ರ ಛಲೋ ಇತ್ತು.

“ನೀ ಬರ್ತಿ ಅಂದಾಗ ಕೆಳಗಿನ ಮನಿ ಮುದುಕಿಗೆ ಹೇಳಿ ನಾಲ್ಕು ದಿನಕ್ಕ ಒಂದು ಖೋಲಿ ಕೇಳಿ ಇಟ್ಟಿದ್ದೆ,” ಅಂತ ಮುಂದ ಬರದಿದ್ಲು. “ಹೊಸಾ ಒಲಿ, ಎರಡು ಹೊಸಾ ಪಾತೇಲಿ ತಂದು, ನಾನೂ ಮುಟ್ಟದಂಗ ಅರಿವ್ಯಾಗ ಸುತ್ತಿ ಇಡಿಸಿದ್ದೆ, ನಿನ್ನ ಮಡಿಗೆ. ಬಾಣಂತನ ಅಂದದ್ದು ಬರೇ ನೆವ ಅಕ್ಕಾ, ಇಲ್ಲೆ ಅದಕ್ಕ ನರ್ಸ್ ಇರ್ತಾರ. ನನಗ ಭಾಳ ಹೆದರಿಕಿ ಆಗಿತ್ತು. ನೀ ಒಮ್ಮೆ ತಲಿಗೆ ಎಣ್ಣಿ ಹಚ್ಚಿದ್ರ ಹೋಗ್ತದ ಅಂತ ಇತ್ತು. ನಾಲ್ಕು ದಿನ ಅಂದ್ರ ನನಗ ಭಾಳ ಆಗಿತ್ತು. ಈಗ ಆ ಪಾತೇಲ್ಯಾಗ ಕೂಸಿಗೆ ನೀರು ಕಾಯಸ್ತೀವಿ.”

ಪತ್ರ ಮಡಿಚಿದೆ. ಇವರು ಇನ್ನೇನು ಬರದಾಳ ಅಂತ ಕೇಳಿದ್ರು.

“ನಾಲ್ಕು ದಿನ ಭಾಳ ಆಗಿತ್ತಂತ,” ಅಂದೆ.

ಇವರು ಮೊದಲು ನಕಾಶಿ ಇದ್ದ ಖಾಲಿ ಗ್ವಾಡಿ ಕಡೆ ಮಾರಿ ತಿರುಗಿಸಿದ್ರು. ಎರಡು ತಿಂಗಳು ಮನಸಿನ್ಯಾಗ ಅವರನ್ನ ಬೈದಿದ್ದೆ, ಹನ್ನೊಂದು ಕಳದವರು, ಮೂವತ್ತು ಮರತವರು ಅಂತ. ಮೂವತ್ತು ದಿನ ಮರತದ್ದು ಅವರು ಖರೆ. ಕೈಯಾಗ ಇದ್ದ ನಾಲ್ಕು ದಿನ ಬ್ಯಾಡ ಅಂತ ಒಗದಾಕಿ ನಾನು, ಅದನ್ನ ಟಪಾಲು ಡಬ್ಬಿಗೆ ಹಾಕಿ ಬಂದಾಕಿನೂ ನಾನು.

ಆಚಾರ್ಯರು ಹೊತ್ತು ಆಗ್ತದ ಅಂದ್ರು. ಅಡಿಗಿ ಎಲ್ಲಾ ಮೊದಲಿಂದ ಆಗಬೇಕಿತ್ತು. ಪತ್ರ ಸೊಂಟಕ್ಕ ಸಿಗಿಸಿಕೊಂಡೆ, ನೀರಿಗೆ ತೊಯ್ತದ ಅಂತ ತಗದು ಇವರ ಕೋಟಿನ ಕಿಸೆದಾಗ ಇಟ್ಟೆ. ತಂಬಿಗಿ ತಗೊಂಡು ಮತ್ತ ಮೈಮ್ಯಾಲ ನೀರು ಹಾಕ್ಕೊಳ್ಳಿಕ್ಕೆ ನಳದ ಕಡೆ ಇಳದು ಹೋದೆ.